ಇಪ್ಪತ್ತೆರಡು ನಾಮಗಳ ಪರಮಾನಂದ

ಕರ್ತನ ಎರಡನೆಯ ಬರೋಣ, ಅಂದರೆ ಲೋಕಾಂತ್ಯಕ್ಕೆ ಅವನ ಮರುಆಗಮನ, ಯಾವ ಗಳಿಗೆಯಲ್ಲಾದರೂ ಸಂಭವಿಸಬಹುದೆಂದು ಪರಮಾನಂದ ನಂಬಿದ್ದ. ಆದರೆ ಹಾಗೆ ಬಂದ ಕರ್ತನಿಗೆ ಪೀಣ್ಯದಲ್ಲಿ ತನ್ನೊಡನೆ ಒಯ್ಯಲು ಯೋಗ್ಯರಾದವರು ಯಾರೂ ಸಿಗಲಾರರೆಂಬುದು ಅವನ ಚಿಂತೆಯಾಗಿತ್ತು. ತನ್ನೊಬ್ಬನನ್ನು ಬಿಟ್ಟು ಎಂಬುದನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಭಾನುವಾರದ ಆರಾಧನೆಗೆ ಐದು ನಿಮಿಷ ತಡವಾಗಿ ಬಂದವರನ್ನು ಎರಡನೆಯ ಸಾಲಿನ ಅಂಚಿನಿಂದ ಕತ್ತು ಹೊರಳಿಸಿ ನೋಡುವ ಆ ನೋಟದಲ್ಲೇ ಎಲ್ಲವೂ ಇರುತ್ತಿತ್ತು. ದೀಪಕ್ಕೆ ಎಣ್ಣೆಯಿಲ್ಲದೆ ಮದುವೆಮನೆಗೆ ಹೊರಟ ಬುದ್ಧಿಗೇಡಿ ಕನ್ಯೆಯರ ಪಟ್ಟಿಗೆ ಇನ್ನೊಬ್ಬರು ಸೇರಿದರು, ಅಷ್ಟೆ.

ಅವನು ತಿರಸ್ಕರಿಸದ ವಸ್ತುಗಳು ಕಡಿಮೆ. ಪ್ಲೈವುಡ್ ಅಂಗಡಿಯ ಮೇಲಿನ ಮಹಡಿಯಲ್ಲಿ ಡ್ರಮ್ಮು, ಕೀಬೋರ್ಡು ಇಟ್ಟುಕೊಂಡು ಕಿವುಡ ದೇವರನ್ನು ಕರೆಯುವವರಂತೆ ಅರಚುವ ಹೊಸ ಸಭೆಯವರನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ಒಂದು ವರ್ಷ ಬಾರ್‌ಕೋಡನ್ನು, ಮರುವರ್ಷ ಲಸಿಕೆಯನ್ನು, ಅದರ ಮುಂದಿನ ವರ್ಷ ಮೊಬೈಲ್ ಟವರನ್ನು ಬೈಬಲು ಎಚ್ಚರಿಸುವ ಮೃಗದ ಗುರುತೆಂದು ವಾಟ್ಸಾಪಿನಲ್ಲಿ ಸಾರಿ, ಲೋಕಾಂತ್ಯದ ತಾರೀಖನ್ನು ಬಸ್ಸಿನ ವೇಳಾಪಟ್ಟಿಯಂತೆ ತಿದ್ದುತ್ತ ಹೋಗುವವರನ್ನು ಕಂಡರಂತೂ ಉಗಿಯುವಷ್ಟು ಅಸಹ್ಯ. "ಎಚ್ಚರವಾಗಿರಿ ಅಂತ ಹೇಳ್ಯಾನ, ಕ್ಯಾಲೆಂಡರ್ ಅಚ್ಚು ಹಾಕಸ್ರಿ ಅಂತ ಹೇಳಿಲ್ಲ" ಎಂದು ಅವನು ಒಮ್ಮೆ ಬೈಬಲ್ ಅಧ್ಯಯನದ ಕೂಟದಲ್ಲಿ ಹೇಳಿದಾಗ ಎಲ್ಲರೂ ನಕ್ಕಿದ್ದರು. ಅವನ ತಿರಸ್ಕಾರಗಳಲ್ಲಿ ಅರ್ಧದಷ್ಟು ಹೀಗೆ ನ್ಯಾಯವಾದವೇ ಆಗಿದ್ದವು. ಅವನ ದುರದೃಷ್ಟ ಅದೇ. ತಪ್ಪಾದ ತಿರಸ್ಕಾರ ಮನುಷ್ಯನನ್ನು ಇಂದಲ್ಲ ನಾಳೆ ನಾಚಿಸುತ್ತದೆ. ಸರಿಯಾದದ್ದು ಅವನನ್ನು ಕೊಬ್ಬಿಸುತ್ತಲೇ ಹೋಗುತ್ತದೆ.

ಹುಟ್ಟಿದ್ದು ಬೆಟಗೇರಿಯ ಹಳೆಯ ಮಿಷನ್ ಕಾಂಪೌಂಡಿನಲ್ಲಿ. ಮುತ್ತಜ್ಜನ ಕಾಲಕ್ಕೇ ದೀಕ್ಷಾಸ್ನಾನ ಪಡೆದ ಮನೆತನವೆಂಬುದನ್ನು ಅವನು, ಬೇರೆಯವರು ಪಿತ್ರಾರ್ಜಿತ ಹೊಲದ ಮಾತಾಡುವ ಗತ್ತಿನಲ್ಲಿ ಆಡುತ್ತಿದ್ದ. ಅಪ್ಪ ಮಿಷನ್ ಶಾಲೆಯ ಜವಾನ, ಭಾನುವಾರ ದೇವಾಲಯದ ಗಂಟೆ ಬಾರಿಸುವವನು. ಆ ಗಂಟೆಯ ಹಗ್ಗ ಹಿಡಿಯುವ ಹಕ್ಕು ತನಗೆ ಬರಲಿಲ್ಲವೆಂಬ ಸಣ್ಣ ಕಹಿ ಮಗನಿಗೆ ಐವತ್ತೇಳರಲ್ಲೂ ಉಳಿದಿತ್ತು. ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ, ಪೀಣ್ಯದ ದೊಡ್ಡ ಟೂಲ್ ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನಿಡುವ ಗೇಜ್ ರೂಮಿಗೆ ಸೇರಿದ. ಇಡೀ ಕಾರ್ಖಾನೆಯಲ್ಲಿ ತಂಪಾಗಿದ್ದ ಒಂದೇ ಕೋಣೆ ಅದು. ಚಪ್ಪಲಿ ಕಳಚಿ ಒಳಹೋಗಬೇಕಿತ್ತು. ಒಂಬತ್ತು ವರ್ಷಕ್ಕೆ ಆ ಕಾರ್ಖಾನೆ ಮುಚ್ಚಿತು. ಕೊನೆಯ ದಿನ ಗೇಜ್ ರೂಮಿನ ಹಿರಿಯ ಅವನ ಕೈಗೆ ರಂಧ್ರದ ಅಳತೆ ನೋಡುವ ಪ್ಲಗ್ ಗೇಜೊಂದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಇಟ್ಟು, "ಮನುಷ್ಯರು ಸುಳ್ಳು ಹೇಳ್ತಾರೆ, ಇದು ಹೇಳಲ್ಲ ಕಣಯ್ಯ" ಎಂದಿದ್ದ. ಪರಮಾನಂದ ಆ ಮಾತಿನ ಮೊದಲ ಅರ್ಧವನ್ನು ಲೋಕಕ್ಕೂ, ಉಳಿದ ಅರ್ಧವನ್ನು ತನಗೂ ಅನ್ವಯಿಸಿಕೊಂಡ.

ಅಲ್ಲಿಂದಾಚೆ ಸಣ್ಣಪುಟ್ಟ ಶೆಡ್ಡುಗಳು. ಹನ್ನೊಂದು ವರ್ಷಗಳಿಂದ ಪೀಣ್ಯ ಎರಡನೇ ಹಂತದಲ್ಲಿ ವೆಂಕಟೇಶಪ್ಪನ ಯೂನಿಟ್ಟು. ಪಂಪುಗಳಿಗೆ ಬೇಕಾದ ಕಂಚಿನ ಬುಷ್ಷು ಮಾಡುವ ಜಾಗ; ನಾಲ್ಕು ಲೇತು, ಹನ್ನೆರಡು ಜನ. ಬುಷ್ಷೆಂದರೆ ನಡುವೆ ರಂಧ್ರವಿರುವ ದಪ್ಪ ಬಳೆಯಂಥ ಭಾಗ. ರಂಧ್ರದ ಅಳತೆ ಸರಿಯಿದೆಯೇ ಎಂದು ನೋಡುವುದು ಪರಮಾನಂದನ ಕೆಲಸ. ಗೇಣುದ್ದದ ಉಕ್ಕಿನ ಗೇಜಿಗೆ ಎರಡು ತುದಿ. 'ಗೋ' ತುದಿ ರಂಧ್ರದೊಳಗೆ ಸಲೀಸಾಗಿ ಇಳಿಯಬೇಕು, 'ನೋ ಗೋ' ತುದಿ ಇಳಿಯಕೂಡದು. ತಪ್ಪಿದವು ಕೆಂಪು ಡಬ್ಬಿಗೆ. ಕುರಿಗಳನ್ನು ಬಲಕ್ಕೂ ಆಡುಗಳನ್ನು ಎಡಕ್ಕೂ ಬೇರ್ಪಡಿಸುವ ಆ ಕೊನೆಯ ತೀರ್ಪಿನ ಮಹಾದಿನದ ತಾಲೀಮು ತನ್ನ ಮೇಜಿನ ಮೇಲೆ ದಿನವೂ ನಡೆಯುತ್ತಿದೆಯೆಂದು ಅವನು ತಿಳಿದಿದ್ದ. ವ್ಯತ್ಯಾಸವೆಂದರೆ, ಆ ದಿನ ಸಿಂಹಾಸನದ ಮೇಲೆ ಬೇರೆಯವನು ಕೂತಿರುತ್ತಾನೆ.

ಮನೆಯಲ್ಲಿ ಅವನದೊಂದು ಪುಸ್ತಕವಿತ್ತು. ಕಾರ್ಖಾನೆಯ ತಪಾಸಣಾ ವರದಿಯ ನಮೂನೆಯಲ್ಲೇ ಗೆರೆ ಎಳೆದು, ಮೊದಲ ಕಲಮಿನಲ್ಲಿ ದೇವರ ನಾಮ, ಎರಡನೆಯದರಲ್ಲಿ ಅದರ ಅರ್ಥ, ಮೂರನೆಯದರಲ್ಲಿ ಆ ನಾಮವನ್ನು ತಾನು 'ಅನುಭವಿಸಿದ' ದಿನಾಂಕ, ಕೊನೆಗೆ ಸಹಿ. ಯೆಹೋವ ಯೀರೆ, ಒದಗಿಸುವವನು: ವೆಂಕಟೇಶಪ್ಪನ ಬಳಿ ಕೆಲಸ ಸಿಕ್ಕ ದಿನ. ಯೆಹೋವ ರಾಫಾ, ಗುಣಪಡಿಸುವವನು: ಪಿತ್ತಕೋಶದ ಕಲ್ಲು ತೆಗೆಸಿದ ದಿನ. ಯುದ್ಧದಲ್ಲಿ ಧ್ವಜವಾಗುವ ಯೆಹೋವ ನಿಸ್ಸಿಯ ಎದುರಿಗೆ, ಸಭೆಯ ಕಮಿಟಿ ಚುನಾವಣೆಯಲ್ಲಿ ಎದುರಾಳಿಯನ್ನು ಒಂಬತ್ತು ಮತಗಳಿಂದ ಸೋಲಿಸಿದ ದಿನಾಂಕವಿತ್ತು. ಆಕಾಶವೂ ಭೂಮಿಯೂ ಹಿಡಿಸಲಾರದವನ ಇಪ್ಪತ್ತೊಂದು ನಾಮಗಳು ಹೀಗೆ ಪರಮಾನಂದನ ಸಹಿಯೊಂದಿಗೆ ಪಾಸಾಗಿದ್ದವು. ಇಪ್ಪತ್ತೆರಡನೆಯದರ ಮುಂದೆ ಮಾತ್ರ ಖಾಲಿ. ಎಲ್ ರೋಯಿ: ನನ್ನನ್ನು ನೋಡುವ ದೇವರು. ಅಬ್ರಹಾಮನ ಮನೆಯಿಂದ ಓಡಿಹೋದ ಐಗುಪ್ತದ ದಾಸಿ ಹಾಗರಳು ದೇವರಿಗೆ ಇಟ್ಟ ಹೆಸರು.

ಈ ವರ್ಷ ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲದ ಮೊದಲ ಭಾನುವಾರ ಪೀಠದಿಂದ ಪ್ರಸಂಗ ಮಾಡಲು ಸಭಾಪಾಲಕರು ಅವನನ್ನೇ ಕೇಳಿದ್ದರು. ಪಟ್ಟಿ ಪೂರ್ಣಗೊಳಿಸಿಬಿಡುವ ಹಟದಿಂದ ಅವನು ಆ ಹೆಸರನ್ನೇ ಆರಿಸಿಕೊಂಡಿದ್ದ.

ಆ ಭಾನುವಾರಕ್ಕೆ ಮುಂಚಿನ ಗುರುವಾರ ಪಂಪು ಕಂಪನಿಯಿಂದ ಟೆಂಪೊ ವಾಪಸ್ಸು ಬಂತು. ಮುನ್ನೂರು ಬುಷ್ಷು. ರಂಧ್ರ ಚಿಕ್ಕದಾಗಿದೆ, ಶಾಫ್ಟು ಒಳಗೆ ಹೋಗುತ್ತಿಲ್ಲ ಎಂಬ ಚೀಟಿ.

ವೆಂಕಟೇಶಪ್ಪ ಚೀಟಿಯನ್ನು ಮೇಜಿನ ಮೇಲೆ ಎಸೆದ. "ಏನ್ ಪರಮಾನಂದ್ ಅವ್ರೇ ಇದು? ಸೋಮವಾರದೊಳಗೆ ವರದಿ ಕೊಡ್ಬೇಕಂತೆ. ಯಾರ್ ತಪ್ಪು, ಏನ್ ಕ್ರಮ ತಗೊಂಡ್ರಿ ಅಂತ."

ಪರಮಾನಂದನಿಗೆ ಯೋಚಿಸಬೇಕಾಗಲಿಲ್ಲ. "ನನ್ನ ಟೇಬಲ್ ದಾಟಿದ ಮಾಲು ಅಲ್ಲ ಸರ್ ಇದು. ತೊಳೆಯೋ ಹೊತ್ತಿಗೆ ಕೆಂಪು ಡಬ್ಬಿದು ಇದರೊಳಗೆ ಬೆರೆಸಿದಾರೆ. ಓದುಬರಹ ಇಲ್ಲದೋರು."

"ಯಾರು, ಆ ಅಕ್ಕನಾ?"

"ಮತ್ಯಾರು ಸರ್. ವಾಷಿಂಗು."

"ಸರಿ, ಅವಳ ಹೆಸರು ಬರೀರಿ. ತೆಗೆದಾಕಿದ್ವಿ ಅಂತ ಹಾಕಿದ್ರೆ ಅವರಿಗೂ ಸಮಾಧಾನ."

ವರದಿಯಲ್ಲಿ 'ಹೊಣೆಗಾರ ವ್ಯಕ್ತಿ' ಎಂಬ ಜಾಗಕ್ಕೆ ಬಂದಾಗ ಪರಮಾನಂದನ ಪೆನ್ನು ನಿಂತಿತು. ಶೆಡ್ಡಿನ ಹಿಂಬದಿಯಲ್ಲಿ ಸೀಮೆಎಣ್ಣೆಯ ಟ್ರೇ ಮುಂದಿಟ್ಟುಕೊಂಡು ಒಂಬತ್ತು ವರ್ಷಗಳಿಂದ ಬುಷ್ಷು ತೊಳೆದು ಪೆಟ್ಟಿಗೆಗೆ ತುಂಬುತ್ತಿದ್ದ ಹೆಂಗಸನ್ನು ಅವನು 'ವಾಷಿಂಗು' ಎಂದೇ ಕರೆಯುತ್ತಿದ್ದ. ಅವಳು ಪ್ಲೈವುಡ್ ಅಂಗಡಿಯ ಮೇಲಿನ ಸಭೆಗೆ ಹೋಗುವವಳೆಂಬುದು ಗೊತ್ತಿತ್ತು. ಕೆಲಸದ ನಡುವೆ "ಯಪ್ಪಾ, ಬೆನ್ನ ಹಿಡದೈತಿ, ಒಂಚೂರು ನೋಡ" ಎಂದು ಅವಳು ದೇವರೊಡನೆ ಗೊಣಗುವುದನ್ನು ಕೇಳಿ, "ದೇವರು ನಿಮ್ಮೂರ ಗೌಡನೇನು? ಅದೋನೈ ಅನ್ನಬೇಕು" ಎಂದು ಒಡೆಯನೆಂಬರ್ಥದ ಹೀಬ್ರೂ ಹೆಸರು ಕಲಿಸಿ ತಿದ್ದಿಯೂ ಇದ್ದ. "ನಾಲಗಿ ಹೊಳ್ಳಂಗಿಲ್ರೀ ಸರ" ಎಂದು ಅವಳು ನಕ್ಕಿದ್ದಳು. ಹೆಸರು ಕೇಳುವ ಪ್ರಸಂಗವೇ ಬಂದಿರಲಿಲ್ಲ.

"ಏಯ್, ಬಾ ಇಲ್ಲಿ. ಹೆಸರೇನು ನಿಂದು?"

ಅವಳು ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. "ನಂದರೀ?"

"ಮತ್ಯಾರದು, ಕಂಪ್ರೆಸರಿಂದೇನು?"

"ಹನುಮವ್ವ ಅಂತರೀ ಸರ. ಗಂಡನ ಹೆಸರು ಭೀಮಪ್ಪ, ತೀರಿಕೊಂಡಾರ್ರಿ. ಊರು ಲಿಂಗಸೂರ ಕಡೆ. ಆಧಾರದಾಗ ಬರೇ ಹನುಮವ್ವ ಐತ್ರಿ, ಮುಂದ ಏನೂ ಹಚ್ಚಬ್ಯಾಡ್ರಿ." ಅವಳ ಮುಖ ಅರಳಿತ್ತು. "ಎದಕ್ಕರೀ? ಪಿಎಫ್ ಮಾಡಸ್ತೀರೇನ್ರೀ?"

"ಬೇಕಾಗೈತಿ. ಹೋಗು."

ಕ್ರೈಸ್ತಳಂತೆ, ಹೆಸರು ಹನುಮವ್ವ ಅಂತೆ. ಅವನು ಮೂಗಿನಲ್ಲೇ ನಕ್ಕು, ದುಂಡಗಿನ ಅಕ್ಷರಗಳಲ್ಲಿ ಅದನ್ನು ಬರೆದುಕೊಂಡ.

ಸಂಜೆ ಮನೆಯಲ್ಲಿ ಪುಸ್ತಕ ತೆರೆದು ಪ್ರಸಂಗದ ಟಿಪ್ಪಣಿಗೆ ಕೂತ. ಹೆಂಡತಿ ಸವಿತಾ ಅಡುಗೆಮನೆಯಿಂದಲೇ ಕೂಗಿದಳು. "ಬರ್ರಿ ಊಟಕ್ಕ. ಕರ್ತ ಬರೂ ತನಕ ಸಾರು ಬಿಸಿ ಇರಂಗಿಲ್ಲ."

"ಇದೊಂದು ಮುಗಿಸ್ತೀನಿ."

ಅವಳು ಬಂದು ಹೆಗಲ ಮೇಲಿನಿಂದ ಇಣುಕಿದಳು. "ಇಪ್ಪತ್ತೆರಡನೇದು ಇನ್ನೂ ಖಾಲಿನ ಐತಲ್ಲ. ಯಾಕ, ನಿಮ್ಮನ್ನ ನೋಡಾಕ ದೇವರಿಗೆ ಪುರಸೊತ್ತು ಸಿಕ್ಕಿಲ್ಲೇನು?"

"ಅದು ಒಬ್ಬಾಕಿ ದಾಸಿ ಇಟ್ಟ ಹೆಸರು."

"ಆಕಿ ಇಟ್ಟಾಗ ದೇವರು ಬ್ಯಾಡ ಅಂದನೇನು?"

ಅವನು ಬೈಬಲನ್ನು ಹತ್ತಿರಕ್ಕೆ ಎಳೆದುಕೊಂಡ. ಅವನನ್ನು ಕಾಡುತ್ತಿದ್ದುದೂ ಅದೇ. ಉಳಿದ ನಾಮಗಳೆಲ್ಲ ಮರ್ಯಾದಸ್ತರ ಬಾಯಿಂದ ಬಂದವು; ಬೆಟ್ಟದ ಮೇಲೆ, ಯಜ್ಞವೇದಿಯ ಮುಂದೆ, ಯುದ್ಧ ಗೆದ್ದ ಮೇಲೆ. ಇದೊಂದು ಮಾತ್ರ ದಾರಿಬದಿಯ ನೀರಿನ ಒರತೆಯ ಬಳಿ, ಒಡತಿಯ ಕಾಟ ತಾಳಲಾರದೆ ಓಡಿಬಂದ ಬಸುರಿಯೊಬ್ಬಳು ಕೂತಲ್ಲಿಂದಲೇ ಇಟ್ಟದ್ದು. ಮತ್ತೆ ಓದಿದಾಗ ಅವನಿಗೊಂದು ಸಂಗತಿ ಹೊಳೆಯಿತು. ಆ ಅಧ್ಯಾಯದಲ್ಲಿ ಒಡತಿ 'ನನ್ನ ದಾಸಿ' ಎನ್ನುತ್ತಾಳೆ, ಒಡೆಯ 'ನಿನ್ನ ದಾಸಿ' ಎನ್ನುತ್ತಾನೆ. ಹೆಸರು ಹಿಡಿದು ಕರೆದವನು ದೇವದೂತ ಮಾತ್ರ. ಇಂಥ ಸೂಕ್ಷ್ಮ ಸಭಾಪಾಲಕರಿಗೂ ತೋಚಿರಲಾರದೆಂದು ಪುಳಕಿತನಾಗಿ, 'ಒಡೆಯರಿಗೆ ಅವಳ ಹೆಸರು ಬೇಕಾಗಿರಲಿಲ್ಲ' ಎಂದು ಬರೆದು ಎರಡು ಸಲ ಅಡಿಗೆರೆ ಎಳೆದ. ಮಧ್ಯಾಹ್ನ ವರದಿ ಬರೆದದ್ದೂ ಅದೇ ಪೆನ್ನಿನಿಂದ. ಹಾಗಿದ್ದರೂ ಅವನಿಗೆ ಏನೂ ಅನ್ನಿಸಲಿಲ್ಲ. ತೃಪ್ತಿಯಿಂದ ಎದ್ದು ಊಟಕ್ಕೆ ಹೋದ.

ಮರುದಿನ ಬೆಳಿಗ್ಗೆ ಹನುಮವ್ವ ಅವನ ಮೇಜಿನ ಬಳಿಗೇ ಬಂದಳು. ಗಾಜಿನ ತಡಿಕೆ ದಾಟಿ ಅವಳು ಒಳಗೆ ಬಂದದ್ದು ಅದೇ ಮೊದಲು.

"ನಾಳೆಯಿಂದ ಬರಬ್ಯಾಡ ಅಂದ್ರು ಸಾಹುಕಾರು. ನಾ ಬುಷ್ಷ ಬೆರಸೇನಂತ."

"ವರದಿ ಹಂಗ ಐತಿ. ನಾ ಏನ ಮಾಡ್ಲಿ?"

"ವರದಿ ನೀವ ಬರದೀರಂತಲ್ರಿ." ಅವಳ ದನಿ ಏರಲಿಲ್ಲ. "ಈ ಮುನ್ನೂರು ತೊಳದಿದ್ದು ನನಗ ನೆನಪೈತ್ರಿ ಸರ. ಅವತ್ತ ಸಾಹುಕಾರು ಎಲ್ಲಾರಿಗೂ ಬೋಂಡಾ ತರಿಸಿದ್ರು. ಒಂದೂ ತಪ್ಪಿಲ್ಲ, ಪರಮಾನಂದ್ ಅವರ ಕೆಲಸ ಅಂದ್ರ ಹಿಂಗಿರಬೇಕು ಅಂದ್ರು. ಕೆಂಪು ಡಬ್ಬಿ ಖಾಲಿ ಇತ್ತರಿ. ಖಾಲಿ ಡಬ್ಬಿಯಾಗಿಂದು ನಾ ಏನ ತಗದು ಬೆರಸ್ಲಿ?"

ಬೋಂಡದ ದಿನ ಪರಮಾನಂದನಿಗೂ ನೆನಪಿತ್ತು. ಅಂದು ಅವನು ಎರಡು ಹೆಚ್ಚಿಗೆ ತಿಂದಿದ್ದ.

"ಕಾಗದ ನನಗ ಓದಾಕ ಬರಂಗಿಲ್ಲ ಖರೆ," ಎಂದಳು ಅವಳು. "ಖಾಲಿ ಡಬ್ಬಿ ಕಾಣಸ್ತೈತ್ರಿ."

ಅವಳು ಹೋದ ಮೇಲೆ ಅವನು ಹಳದಿ ಬಟ್ಟೆ ಬಿಚ್ಚಿ, ಹಿರಿಯ ಕೊಟ್ಟಿದ್ದ ತನ್ನ ಗೇಜನ್ನು ಹೊರತೆಗೆದ. ಹೊಳೆಯುತ್ತಿತ್ತು. ಅದನ್ನು ಬೇರೊಂದು ಉಪಕರಣದಿಂದ ಅಳೆಯುವುದೇ ಅವನಿಗೆ ಅವಮಾನದಂತೆ ಕಂಡಿತು. ಅಪ್ಪನ ವಯಸ್ಸಿನವರ ಬಳಿ ಆಧಾರ್ ಕಾರ್ಡು ಕೇಳಿದ ಹಾಗೆ. ಆದರೂ ಮೈಕ್ರೋಮೀಟರಿನ ದವಡೆಗಳ ನಡುವೆ 'ಗೋ' ತುದಿಯನ್ನಿಟ್ಟು ತಿರುಗಿಸಿದ. ಒರೆಸಿ ಮತ್ತೊಮ್ಮೆ ಅಳೆದ. ಮೂರನೆಯ ಸಲವೂ ಅಂಕಿ ಅದೇ.

ಸವೆದಿತ್ತು. ಕೂದಲಿನ ದಪ್ಪದ ನಾಲ್ಕನೆಯ ಒಂದು ಭಾಗವೂ ಇಲ್ಲ, ಆದರೆ ಸವೆದಿತ್ತು. ಸವೆದು ತೆಳ್ಳಗಾದ ಗೇಜು ಚಿಕ್ಕ ರಂಧ್ರದೊಳಗೂ ಸಲೀಸಾಗಿ ಇಳಿಯುತ್ತದೆ, ತಪ್ಪಿದ್ದನ್ನೂ ಸರಿಯೆನ್ನುತ್ತದೆ. ಹದಿನಾಲ್ಕು ತಿಂಗಳ ಹಿಂದೆ ಅಳತೆ ಪರೀಕ್ಷಿಸುವ ಲ್ಯಾಬಿನಿಂದ ಬಂದ ಪತ್ರದಲ್ಲಿ 'ಸವೆತ ಮಿತಿಯ ಅಂಚಿಗೆ ಬಂದಿದೆ, ಬದಲಿಸುವುದು' ಎಂದು ಡಿಪ್ಲೊಮಾ ಮುಗಿಸಿದ ಹುಡುಗಿಯೊಬ್ಬಳು ಸಹಿ ಹಾಕಿ ಬರೆದಿದ್ದಳು. ತನ್ನ ಗೇಜಿಗೆ ನಿನ್ನೆ ಮೊನ್ನೆ ಬಂದವಳ ಸರ್ಟಿಫಿಕೇಟೇ ಎಂದು ಅದನ್ನು ಹರಿದು, ಹರಿದದ್ದನ್ನು ಸವಿತಾಳಿಗೆ ಹೇಳಿಕೊಂಡು ನಕ್ಕಿದ್ದ. ಮತ್ತೆ ಲ್ಯಾಬಿಗೆ ಕಳಿಸಿರಲಿಲ್ಲ.

ಯಾರೂ ನೋಡಿರಲಿಲ್ಲ. ಗಾಜಿನ ಆಚೆ ಲೇತುಗಳು ತಿರುಗುತ್ತಿದ್ದವು. ಗೇಜನ್ನು ಸಂಜೆ ಮನೆಗೆ ಒಯ್ದು ಟ್ರಂಕಿನೊಳಗೆ ಹಾಕಿ, ಸೋಮವಾರ ಹೊಸದು ತರಿಸಿದರೆ ಮುಗಿಯಿತು. ಹನುಮವ್ವನಿಗೆ ಇನ್ನೊಂದು ಶೆಡ್ಡು ಸಿಗದೆ ಹೋಗುವುದಿಲ್ಲ. ಪೀಣ್ಯದಲ್ಲಿ ಟ್ರೇಗಳಿಗೇನು ಬರ. ಇದೆಲ್ಲ ಅವನ ಮನಸ್ಸಿನಲ್ಲಿ ಅಚ್ಚುಕಟ್ಟಾಗಿ, ಕಲಮು ಕಲಮಾಗಿ ಮೂಡಿತು. ಆ ಅಚ್ಚುಕಟ್ಟೇ ಅವನನ್ನು ಹೆದರಿಸಿತು. ಯಾರೂ ನೋಡಲಿಲ್ಲವೆಂದು ಧೈರ್ಯ ತಂದುಕೊಳ್ಳುವ ಮನುಷ್ಯನಷ್ಟು ಹೇಸಿಗೆ ಅವನಿಗೆ ಇನ್ಯಾರ ಮೇಲೂ ಇರಲಿಲ್ಲ. ಒಡೆಯ ತಡಮಾಡುತ್ತಾನೆಂದುಕೊಂಡು ಜೊತೆಯ ಆಳುಗಳನ್ನು ಹೊಡೆಯತೊಡಗಿದ ಆ ಕೆಟ್ಟ ಆಳಿನ ಕಥೆಯನ್ನು ಅವನೆಷ್ಟೋ ಸಲ ಹೇಳಿದ್ದ. ಹೇಳುವಾಗಲೆಲ್ಲ ಆ ಆಳಿಗೆ ಎದುರು ಸಾಲಿನಲ್ಲಿ ಕೂತವರ ಮುಖವಿರುತ್ತಿತ್ತು. ಒಂಬತ್ತು ವರ್ಷ ಹತ್ತು ಮಾರು ದೂರದಲ್ಲಿದ್ದವಳನ್ನು ಅವನು ನೋಡಿರಲಿಲ್ಲ. ಅವನಿಗೆ ಅವಳ ಹೆಸರು ಬೇಕಾದದ್ದು ಒಂದೇ ಸಲ, ಅಪರಾಧಿಯ ಜಾಗ ತುಂಬಲು. ಅಡಿಗೆರೆ ಎಳೆದ ಆ ವಾಕ್ಯ ಈಗ ಅವನಿಗೆ ಅರ್ಥವಾಯಿತು. ಬರೆದವನು ಅವನೇ ಆದರೂ ಅರ್ಥವಾದದ್ದು ಈಗ.

ವೆಂಕಟೇಶಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಕ್ಯಾಬಿನ್ನಿನ ಬಾಗಿಲು ಮುಚ್ಚಿದ.

"ಗೇಜು ಸವೆದಿದೆ ಅಂತ ಬರೆದ್ರೆ ಏನಾಗತ್ತೆ ಗೊತ್ತಾ? ಹದಿನಾಲ್ಕು ತಿಂಗಳ ಮಾಲು ಪೂರ್ತಿ ಅನುಮಾನ. ಸ್ಟಾಕಿರೋದೆಲ್ಲ ವಾಪಸ್ ಕಳಿಸ್ತಾರೆ. ಸುಮ್ನಿರಿ. ಹೆಲ್ಪರ್ ಹೆಸರಿದೆ, ಚೆನ್ನಾಗಿದೆ, ಹಾಗೇ ಹೋಗ್ಲಿ."

"ಆಕೆ ತಪ್ಪಲ್ಲ ಸರ್ ಅದು."

"ಗೊತ್ತಾಯ್ತಲ್ರೀ. ಕೈಗೆ ಏನಾದ್ರೂ ಕೊಟ್ಟು ಕಳಿಸೋಣ. ನೀವ್ಯಾಕೆ ಈ ವಯಸ್ಸಲ್ಲಿ ತಲೆ ಕೊಡ್ತೀರಿ?"

ಸಾಹುಕಾರನ ಮಾತಿನಲ್ಲಿ ಪರಮಾನಂದನಿಗೆ ತನ್ನದೇ ಅಚ್ಚುಕಟ್ಟು ಕೇಳಿಸಿತು. ಹಳೆಯ ವರದಿಯನ್ನು ಮೇಜಿನಿಂದ ಎತ್ತಿಕೊಂಡು ಹರಿದ. ಈ ಸಲ ಹರಿಯುವಾಗ ನಗಲಿಲ್ಲ. ಇನ್ನೊಂದು ಹಾಳೆ ತೆಗೆದು, ಹೊಣೆಗಾರ ವ್ಯಕ್ತಿಯ ಜಾಗದಲ್ಲಿ ಪೂರ್ಣ ಹೆಸರು, ಕೆಳಗೆ ಕಾರಣ, ಅದರ ಕೆಳಗೆ ಸಹಿ ಹಾಕಿದ. "ಇದು ಹೋಗದಿದ್ರೆ ಕಂಪನಿಗೆ ನಾನೇ ಫೋನ್ ಮಾಡ್ತೀನಿ ಸರ್. ಆಕೆ ನಾಳೆ ಬರ್ತಾಳೆ."

ವೆಂಕಟೇಶಪ್ಪ ಹಾಳೆಯನ್ನು ತನ್ನತ್ತ ಎಳೆದುಕೊಂಡ. "ಬರ್ಲಿ. ಆದ್ರೆ ಆ ಟೇಬಲ್ಲಿಗೆ ನೀವ್ ಇನ್ಮೇಲೆ ಕೂರಂಗಿಲ್ಲ. ವಾಪಸ್ ಬರೋ ಮಾಲೆಲ್ಲ ಹಿಂದ್ಗಡೆ ಕೂತು ಒಂದೊಂದೇ ನೋಡಿ ಬೇರೆ ಮಾಡಿ. ನಿಮ್ ಗೇಜಲ್ಲಲ್ಲ. ಹೊಸದು ತರಿಸ್ತೀನಿ."

ಶನಿವಾರ ಸಂಜೆ ಪರಮಾನಂದ ಸಭಾಪಾಲಕರ ಮನೆಗೆ ಹೋಗಿ ಹೊಸಿಲ ಹೊರಗೇ ನಿಂತ. "ನಾಳೆ ಪ್ರಸಂಗ ಬೇರೆಯವರಿಗೆ ಹೇಳ್ರಿ ಅಯ್ಯನವರ. ನಾ ತಯಾರಿಲ್ಲ."

"ನೀವಾ?" ಅಯ್ಯನವರು ನಿಜವಾಗಿ ಬೆರಗಾದರು. "ಮೂವತ್ತು ವರ್ಷದಿಂದ ತಯಾರಿರೋರು ನೀವೊಬ್ರೇ ಅಲ್ವೇನ್ರೀ?"

ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಹಂಬಲವೂ ಇರಲಿಲ್ಲ. ಭಾನುವಾರ ಅವನು ಕೊನೆಯ ಸಾಲಿನಲ್ಲಿ ಕೂತ. ತಡವಾಗಿ ಬಂದವರೆಲ್ಲ ಕೂರುವುದು ಅಲ್ಲೇ. ಒಬ್ಬಳು ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಏದುಸಿರು ಬಿಡುತ್ತ ಬಂದು, ಸರಿಯಿರಿ ಎಂದು ಸನ್ನೆ ಮಾಡಿದಳು. ಅವನು ಸರಿದ.

ಸೋಮವಾರ ಶೆಡ್ಡಿನ ಹಿಂಬದಿ, ಹನುಮವ್ವನ ಟ್ರೇಯ ಪಕ್ಕದಲ್ಲಿ ಅವನಿಗೊಂದು ಮುರುಕು ಸ್ಟೂಲು ಹಾಕಿದ್ದರು. ಅವಳು ತೊಳೆದು ಕೊಡುವುದು, ಅವನು ಹೊಸ ಗೇಜು ಇಳಿಸಿ ನೋಡುವುದು. ಕೆಂಪು ಡಬ್ಬಿ ಬೇಗ ಬೇಗ ತುಂಬುತ್ತಿತ್ತು. ಮಧ್ಯಾಹ್ನ ಅವನೇ ಮಾತು ತೆಗೆದ.

"ಹನುಮವ್ವಾ, ನನ್ನಿಂದ ತಪ್ಪಾತು."

"ಹೌದ್ರಿ, ಆತು." ಅವಳ ಕೈ ನಿಲ್ಲಲಿಲ್ಲ. "ನಾ ನಿಮಗ ಉಪಕಾರ ಆತು ಅನ್ನಂಗಿಲ್ಲ ನೋಡ್ರಿ. ನನ್ನ ಕೆಲಸ ನನಗ ಬಂತು."

"ಅನ್ನಬ್ಯಾಡ."

ಇನ್ನೊಂದು ತಟ್ಟೆ ಮುಗಿಯಿತು. ಬಗ್ಗಿದ ತಲೆಯನ್ನು ಎತ್ತದೆಯೇ ಅವಳು ಹೇಳಿದಳು. "ಅವತ್ತ ನೀವು ಹೆಸರ ಕೇಳಿದ್ರಲ್ಲ, ಮನಿಗೆ ಹೋಗಿ ಮಗಳಿಗೆ ಹೇಳಿದ್ದೆ. ಪರಮಾನಂದ್ ಸರು ನನ್ನ ಹೆಸರ ಕೇಳಿದ್ರು, ಬರಕೊಂಡ್ರು ಅಂತ. ಭಾಳ ಖುಷಿ ಆಗಿತ್ರಿ ನನಗ."

ಅವನ ಕೈಯಲ್ಲಿದ್ದ ಬುಷ್ಷು ಅಲ್ಲೇ ಉಳಿಯಿತು. ಬೈಗುಳವನ್ನು ಅವನು ನಿರೀಕ್ಷಿಸಿದ್ದ. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದ.

ಸಂಜೆ ಕೆಂಪು ಡಬ್ಬಿ ಖಾಲಿ ಮಾಡುವಾಗ ತಳದಲ್ಲಿ ಉದ್ದನೆಯದೇನೋ ಅವಳ ಕೈಗೆ ಸಿಕ್ಕಿತು. ಹಳದಿ ಬಟ್ಟೆಯಿಲ್ಲದ ಹಳೆಯ ಗೇಜು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಪರಮಾನಂದನೇ ಅದನ್ನು ಅಲ್ಲಿ ಹಾಕಿದ್ದ.

"ಇದನ್ನೂ ತೊಳೀಬೇಕೇನ್ರೀ ಸರ?"

"ತೊಳದ್ರ ಸರಿ ಆಗೂದಲ್ಲ ಅದು. ಸವದೈತಿ."

ಅವಳು ಅದನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದಳು. "ನೋಡಾಕ ಚಲೋ ಐತಲ್ರೀ."

"ನೋಡಾಕ ಚಲೋನ ಇರತೈತಿ" ಎಂದ ಪರಮಾನಂದ, ಮುಂದಿನ ತಟ್ಟೆಗಾಗಿ ಕೈ ಚಾಚಿದ.